ಸಬ್ಬತ್ತಿನ ಜೇನು

ನಾರ್ತ್ ಹಾಲೋ, ಕನೆಕ್ಟಿಕಟ್
ಜೂನ್ 8, 1797

ಮಗಳೇ ಫೀನಾ,

ಈ ಸುದ್ದಿಯನ್ನು ಬಿಟ್ಟುಬಿಡೋಣವೆಂದೇ ಬರೆಯಲು ಕುಳಿತಿದ್ದೆ. ಬಟಾಣಿ ಬಳ್ಳಿ ಹೂ ಬಿಟ್ಟಿದೆ, ಕಂದು ಹಸು ಕರು ಹಾಕಿದೆ ಎಂದು ಅರ್ಧ ಪುಟ ತುಂಬಿಸಿಯೂ ಆಗಿತ್ತು. ಓದಿ ನೋಡಿದಾಗ ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ, ಆದರೂ ಇಡೀ ಕಾಗದವೇ ಸುಳ್ಳೆನಿಸಿತು. ಹರಿದುಹಾಕಿದೆ. ಬೇರೆಯವರ ಬಾಯಿಂದ ನೀನು ಕೇಳುವುದಕ್ಕಿಂತ ನನ್ನ ಕೈಬರಹದಲ್ಲಿ ಓದುವುದೇ ಮೇಲು. ನಿನ್ನ ತಾಯಿಯ ಮೇಲೆ ಕಳ್ಳತನದ ದೂರಾಗಿದೆ. ದೂರು ಕೊಟ್ಟವರು ನಮ್ಮ ಚರ್ಚಿನ ಹಿರಿಯರಾದ ಡೀಕನ್ ವಾಡಮ್ಸ್, ನೀನು ಅಕ್ಟೋಬರಿನಲ್ಲಿ ಕೈಹಿಡಿಯಬೇಕಾದ ಇಥಿಯೆಲನ ತಂದೆ.

ಕದ್ದದ್ದು ನನ್ನದೇ ಜೇನನ್ನು.

ಕಳೆದ ಭಾನುವಾರ ಬೆಳಗಿನ ಪ್ರಾರ್ಥನೆ ಮುಗಿಸಿ ಮನೆಗೆ ಬಂದು ಹಿಂದಿನ ದಿನ ಬೇಯಿಸಿಟ್ಟ ತಣ್ಣಗಿನ ಕಾಳು ತಿನ್ನುತ್ತಿದ್ದೆ. ಹಿತ್ತಿಲಲ್ಲಿ ಸದ್ದಾಯಿತು. ದೊಡ್ಡ ಗೂಡು ಪಾಲಾಗಿ, ಅರ್ಧ ಸಂಸಾರ ಮುದಿ ರಾಣಿಯನ್ನು ಕಟ್ಟಿಕೊಂಡು ಆಕಾಶಕ್ಕೆದ್ದಿತ್ತು. ಹಾರಿದ ಹಿಂಡಿನ ಒಡೆಯರು ಏನು ಮಾಡಬೇಕೆಂದು ನಿನಗೆ ಗೊತ್ತೇ ಇದೆ. ಬಾಂಡಲೆ ಬಡಿಯುತ್ತ ಬೆನ್ನು ಹತ್ತಬೇಕು. ಆ ಸದ್ದು ಇರುವವರೆಗೆ ಜೇನು ಅವರದು, ಯಾರ ಬೇಲಿ ದಾಟಿದರೂ ಕೇಳುವವರಿಲ್ಲ. ಸದ್ದಿಲ್ಲದೆ ಬಂದ ಹಿಂಡು ಹಿಡಿದವರ ಪಾಲು. ಈಗ ಇಡೀ ಜಗಳ ನಿಂತಿರುವುದು ಈ ಒಂದು ರೂಢಿಯ ಮೇಲೆ.

ಬಾಂಡಲೆ ಎತ್ತಿಕೊಂಡೆ. ಹೊಸ್ತಿಲವರೆಗೆ ಬಂದೆ. ಸಬ್ಬತ್ತು. ಹೊತ್ತು ಮುಳುಗುವವರೆಗೆ ಯಾವ ಕೆಲಸವೂ ಸಲ್ಲದೆ ಊರೆಲ್ಲ ಉಸಿರು ಬಿಗಿಹಿಡಿದು ಕುಳಿತ ದಿನ. ಆ ದಿನ ಎಲ್ಲೋ ಕೊಡಲಿ ಬಿದ್ದರೂ ಹೋಗಿ ಹೆಸರು ಬರೆದುಕೊಂಡು ಬರುವವರು ಇದೇ ಡೀಕನ್. ಬಾಂಡಲೆಯನ್ನು ಒಳಗಿಟ್ಟು ಬರಿಗೈಯಲ್ಲಿ, ಬಾಯಿ ಮುಚ್ಚಿಕೊಂಡು, ಹಿಂಡಿನ ಹಿಂದೆ ನಡೆದೆ. ಅದು ಹೋಗಿ ವಾಡಮ್ಸರ ತೋಟದ ಸೇಬಿನ ಮರಕ್ಕೆ ಜೋತುಬಿತ್ತು. ನಾನು ಅವರ ಕಲ್ಲುಗೋಡೆಯ ಮೇಲೆ ಕುಳಿತೆ. ಮಧ್ಯಾಹ್ನದ ಪ್ರಾರ್ಥನೆಗೆ ಹೋಗಲಿಲ್ಲ. ಹಿಂಡಿನಿಂದ ಕಣ್ಣು ತೆಗೆದರೆ ಅದೂ ಹೋಯಿತಲ್ಲ.

ಹೊತ್ತು ಮುಳುಗಿತು, ಸಬ್ಬತ್ತು ಮುಗಿಯಿತು. ಮನೆಗೆ ಓಡಿ ಬಾಂಡಲೆ ತಂದು ಆ ಮರದಡಿ ನಿಂತು ಬಡಿದೆ. ಪಕ್ಕದ ಮನೆಯ ಕೆಜಾಯಾ ಕಿಟಕಿಯಿಂದ ತಲೆ ಹಾಕಿ, "ಏನೇ ಹುಲ್ಡಾ, ಕೂತಿರೋ ಜೇನಿಗೆ ಜೋಗುಳ ಹಾಡ್ತಿದ್ದೀಯಾ?" ಎಂದಳು. ಅಕ್ಕಪಕ್ಕದವರೆಲ್ಲ ನಕ್ಕರು. ಅಷ್ಟು ಜನರ ಎದುರಿಗೇ ಹಿಂಡನ್ನು ಹೊತ್ತುಕೊಂಡು ಬಂದೆ. ಅಷ್ಟರಲ್ಲಿ ಅದು ಡೀಕನ್ನರ ಹುಲ್ಲುಬುಟ್ಟಿಯೊಳಗಿತ್ತು. ಬುಟ್ಟಿ ಅವರದೆಂದು ಮರುದಿನವೇ ಖಾಲಿ ಮಾಡಿ ಅವರ ಗೋಡೆಯ ಮೇಲಿಟ್ಟೆ.

ಹಿಂಡು ಬುಟ್ಟಿಗೆ ಬಂದದ್ದು ಹೇಗೆಂದು ಕೇಳುತ್ತೀಯ. ಡೀಕನ್ನರೇ ಇಳಿಸಿದ್ದು. ಯಾವಾಗ ಎಂಬುದನ್ನು ಇಂದು ಬರೆಯಲು ಮನಸ್ಸಿಲ್ಲ.

ಹೆದರಬೇಡ. ನಾನು ಹೆದರಿಲ್ಲ.

ನಿನ್ನ ತಾಯಿ,
ಹುಲ್ಡಾ ಬಾರ್ಲೋ


ವೆದರ್ಸ್‌ಫೀಲ್ಡ್
ಜೂನ್ 17, 1797

ಪ್ರೀತಿಯ ಅಮ್ಮನಿಗೆ,

ಶಾಲೆಯ ಮಕ್ಕಳಿಗೆ ಕಾಪಿ ಬರೆಯಲು ಕೊಟ್ಟು, ನಿನ್ನ ಕಾಗದವನ್ನು ಮೇಜಿನ ಕೆಳಗಿಟ್ಟುಕೊಂಡು ಓದಿದೆ. ಇಲ್ಲಿ ಊರಿಗೆ ಊರೇ ಈರುಳ್ಳಿ ಕಳೆ ಕೀಳುವುದರಲ್ಲಿದೆ. ನನ್ನ ಶಾಲೆಯ ಹುಡುಗಿಯರ ಕೈಯೆಲ್ಲ ಅದರದೇ ವಾಸನೆ. ನನ್ನ ಕಣ್ಣು ಕೆಂಪಾಗಿದ್ದಕ್ಕೆ ಯಾರೂ ಕಾರಣ ಕೇಳಲಿಲ್ಲ.

ಯಾವಾಗ ಎಂದು ನೀನು ಬರೆಯದಿದ್ದರೂ ನನಗೆ ತಿಳಿಯಿತು. ಹೊತ್ತು ಮುಳುಗುವವರೆಗೆ ನೀನು ಅಲ್ಲೇ ಕುಳಿತಿದ್ದೆ. ನೀನು ಬಾಂಡಲೆ ತರುವಷ್ಟರಲ್ಲಿ ಹಿಂಡು ಬುಟ್ಟಿಯಲ್ಲಿತ್ತು. ಅಂದರೆ ಡೀಕನ್ನರು ಸಬ್ಬತ್ ದಿನ ಜೇನು ಹಿಡಿದಿದ್ದಾರೆ. ಅಮ್ಮಾ, ನಿನ್ನ ಕಾಲು ಹಿಡಿಯುತ್ತೇನೆ, ಕೋರ್ಟಿನಲ್ಲಿ ಈ ಮಾತೆತ್ತಬೇಡ. ಚರ್ಚಿನಲ್ಲಿ ಪಾದ್ರಿಗಳು ಬೋಧಿಸುವ ವೇದಪೀಠದ ಕೆಳಗೆ ಡೀಕನ್ನರಿಗೆಂದಿರುವ ಆ ಆಸನದಲ್ಲಿ ಅವರ ತಂದೆ ಕೂರುತ್ತಿದ್ದರು, ತಾತ ಕೂರುತ್ತಿದ್ದರು. ಅಲ್ಲಿಂದ ಅವರನ್ನು ಎಬ್ಬಿಸಿದವಳ ಮಗಳನ್ನು ಆ ಮನೆಯ ಒಳಗೆ ಹೇಗೆ ಕರೆದುಕೊಂಡಾರು?

ಇಥಿಯೆಲ್ ನನಗೆ ಬರೆದಿದ್ದಾನೆ. ಹಿಂಡನ್ನು ಹಿಂದಕ್ಕೆ ಕೊಟ್ಟು, ತಿಳಿಯದೆ ತೆಗೆದುಕೊಂಡೆ ಎಂದು ಪಾದ್ರಿಗಳ ಮುಂದೆ ಒಂದು ಮಾತು ಹೇಳಿದರೆ ಅವನ ತಂದೆ ದೂರನ್ನು ಹಿಂತೆಗೆದುಕೊಳ್ಳುತ್ತಾರಂತೆ. ಒಂದೇ ಒಂದು ಮಾತು, ಅಮ್ಮಾ. ಜೇನು ಮುಂದಿನ ಬೇಸಿಗೆಗೂ ಪಾಲಾಗುತ್ತದೆ.

ನಿನ್ನ ಮಗಳು,
ಟ್ರೈಫೀನಾ


ನಾರ್ತ್ ಹಾಲೋ
ಜೂನ್ 26, 1797

ಮಗಳೇ,

ಇಥಿಯೆಲ್ ನಿನಗೆ ಬರೆದನೇ? ನನ್ನ ಮನೆ ಅವನ ಮನೆಯಿಂದ ಒಂದು ಕೂಗಿನ ದೂರ. ನಿನ್ನದು ಇಡೀ ದಿನದ ಕುದುರೆ ಸವಾರಿ. ಅವನು ಹತ್ತಿರದ ದಾರಿ ಬಿಟ್ಟು ದೂರದ್ದನ್ನು ಹಿಡಿದದ್ದನ್ನು ಯೋಚಿಸುತ್ತಿದ್ದೇನೆ. ಯೋಚಿಸುತ್ತಿದ್ದೇನೆ, ಅಷ್ಟೆ.

ನೀನು ಹೇಳಿದ ಒಂದು ಮಾತನ್ನು ಬಾಯಲ್ಲಿ ಆಡಿಸಿ ನೋಡಿದೆ. ತಿಳಿಯದೆ ತೆಗೆದುಕೊಂಡೆ. ಆದರೆ ನಾನು ತಿಳಿದೇ ತೆಗೆದುಕೊಂಡದ್ದಲ್ಲವೇ? ಆ ಮಾತು ಹೇಳಿದ ಗಳಿಗೆಯಿಂದ ನಾನು ದೊಡ್ಡವರು ದಯೆತೋರಿ ಬಿಟ್ಟ ಕಳ್ಳಿಯಾಗುತ್ತೇನೆ. ನಾನು ಹೊಲಿಗೆಯವಳು, ಫೀನಾ. ಒಂದೊಂದು ಮನೆಯಲ್ಲಿ ವಾರಗಟ್ಟಲೆ ಇದ್ದು ಅವರ ಚಳಿಗಾಲದ ಬಟ್ಟೆ ಹೊಲಿದು ಮುಂದಿನ ಮನೆಗೆ ಹೋಗುವವಳು. ಅವರ ಪೆಟ್ಟಿಗೆಗಳು ನನ್ನೆದುರು ತೆರೆದಿರುತ್ತವೆ, ಅವರ ಹಾಸಿಗೆಯ ಪಕ್ಕದಲ್ಲೇ ನಾನು ಮಲಗುತ್ತೇನೆ. ನಿಮ್ಮಪ್ಪ ಹೋದಮೇಲೆ ನಾವಿಬ್ಬರೂ ಉಂಡದ್ದು ಆ ನಂಬಿಕೆಯಿಂದ.

ಹೋದ ವಾರ ಕೆಜಾಯಾಳ ಮನೆಯಲ್ಲಿದ್ದೆ. ನಾನು ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಅವಳ ಬೆಳ್ಳಿ ಚಮಚಗಳು ಗೂಡಿನಿಂದ ಮಾಯ.

"ಏನ್ ಕೆಜಾಯಾ, ಚಮಚಗಳ ಸವಾರಿ ಎಲ್ಲಿಗೆ ಹೊರಡ್ತು?" ಎಂದೆ.

"ಅಯ್ಯೋ, ಉಜ್ಜೋಣಾಂತ ಕಣೇ."

"ಉಜ್ಜು, ಉಜ್ಜು. ಇಲ್ಲೇ ತಂದು ನನ್ನೆದುರಿಗೇ ಉಜ್ಜು. ನಂಗೂ ಮಾತಿಗೆ ಜನ ಆಗುತ್ತೆ, ನಿಂಗೂ ಕಾವಲು ಕಾದಂಗಾಗುತ್ತೆ."

ಅವಳ ಮುಖ ಬೀಟ್‌ರೂಟಿನಂತಾಯಿತು. ಚಮಚಗಳು ಮಾತ್ರ ಹಿಂದಕ್ಕೆ ಬರಲಿಲ್ಲ. ಅವಳನ್ನು ನಾನು ದೂರುವುದಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆನೋ. ಆದರೆ ಈ ಊರಿನ ಪ್ರತಿ ಮನೆಯಲ್ಲೂ ಚಮಚಗಳು ಹೀಗೆ ನಡೆದಾಡತೊಡಗಿದರೆ ನಾನು ಸೂಜಿಪೆಟ್ಟಿಗೆ ಮುಚ್ಚಬೇಕಾಗುತ್ತದೆ.

ನನ್ನನ್ನೇ ಒಂದು ಪ್ರಶ್ನೆ ಕೇಳಿಕೊಂಡೆ. ನನಗೆ ಬೇಕಾದದ್ದು ಜೇನೋ, ಹೆಸರೋ, ಅಥವಾ ಆ ಮನುಷ್ಯ ಜನರೆದುರು ತಲೆ ತಗ್ಗಿಸುವುದನ್ನು ನೋಡುವ ಆಸೆಯೋ? ಮೂರನೆಯದೂ ಸ್ವಲ್ಪ ಇದೆ. ಅದಕ್ಕಾಗಿ ಎರಡನೆಯದನ್ನು ಬಿಟ್ಟುಕೊಡಬೇಕಾಗಿಲ್ಲ ಎಂದು ತೀರ್ಮಾನಿಸಿದ್ದೇನೆ.

ಪಾದ್ರಿಗಳ ಬಳಿಗೆ ಹೋಗುವುದಿಲ್ಲ. ಕೋರ್ಟಿಗೆ ಹೋಗುತ್ತೇನೆ. ನನ್ನ ಮೇಲೆ ಸಿಟ್ಟಾಗು. ಊಟ ಮಾತ್ರ ಬಿಡಬೇಡ.

ನಿನ್ನ ತಾಯಿ,
ಹುಲ್ಡಾ ಬಾರ್ಲೋ


ನಾರ್ತ್ ಹಾಲೋ
ಜುಲೈ 13, 1797

ಮಗಳೇ ಫೀನಾ,

ನೀನು ಉತ್ತರ ಬರೆದಿಲ್ಲ. ಬರೆಯದಿರುವುದೂ ಒಂದು ಉತ್ತರವೆಂದು ತಿಳಿದು ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ.

ನಮ್ಮೂರಿನ ಕೋರ್ಟೆಂದರೆ ಪಡಖಾನೆಯ ಮುಂಗೋಣೆ ಅಲ್ಲವೇ? ನ್ಯಾಯಾಧೀಶ ಲೂಮಿಸರು ಬರುವ ಮುಂಚೆಯೇ ಕಿಟಕಿಯ ಹಲಗೆಯ ಮೇಲೂ ಜನ ಹತ್ತಿ ಕುಳಿತಿದ್ದರು. ಹುಲ್ಲು ಕೊಯ್ಯುವ ಹಂಗಾಮಿನಲ್ಲಿ ಇಷ್ಟು ಜನಕ್ಕೆ ಬಿಡುವು ಎಲ್ಲಿಂದ ಬಂತೋ. ನಾನು ಕರಿಯ ಗೌನು ಹಾಕಿಕೊಂಡು, ಚೆನ್ನಾಗಿ ತಲೆ ಬಾಚಿಕೊಂಡು ಹೋಗಿದ್ದೆ. ಡೀಕನ್ನರು ಭಾನುವಾರದ ಕೋಟಿನಲ್ಲಿದ್ದರು. ಅದನ್ನು ಹೊಲಿದವಳು ನಾನೇ. ತೋಳು ಈಗಲೂ ಚೆನ್ನಾಗಿ ಕೂರುತ್ತದೆ. ಇಥಿಯೆಲ್ ಬಾಗಿಲ ಬಳಿ ನಿಂತು ಹೊರಗಿನ ಕುದುರೆಗಳನ್ನು ನೋಡುತ್ತಿದ್ದ.

ಡೀಕನ್ನರು ಪ್ರಮಾಣ ಮಾಡಿ ನೇರವಾಗಿ ಹೇಳಿದರು. "ಹಿಂಡು ನನ್ನ ಮರಕ್ಕೆ ಬಂತು. ಬಾಂಡಲೆ ಸದ್ದು ಕೇಳಿಸಲಿಲ್ಲ. ವಾರಸುದಾರರಿಲ್ಲದ ಹಿಂಡು ಅಂತ ಬುಟ್ಟಿಗೆ ಇಳಿಸ್ದೆ. ಕತ್ತಲಾದ ಮೇಲೆ ಈಕೆ ನನ್ನ ಗೋಡೆ ದಾಟಿ ಬಂದು ಹೊತ್ಕೊಂಡು ಹೋದ್ಲು."

"ಕತ್ತಲು ಅಂತೀರಲ್ಲ ಡೀಕನ್ನರೇ," ಎಂದೆ. "ಕೆಜಾಯಾ ಕಿಟಕಿಯಿಂದ ನನ್ನ ಮುಖ ನೋಡಿ ನಕ್ಕಿದ್ಲು. ನಗೋವಷ್ಟು ಬೆಳಕಿತ್ತು."

ಕೋಣೆ ನಕ್ಕಿತು. ಲೂಮಿಸರು ಮೇಜು ಕುಟ್ಟಿ, "ನೋಡಮ್ಮಾ, ನಗಿಸೋದು ಆಮೇಲೆ. ಬಾಂಡಲೆ ಬಡಿದ್ಯೋ ಇಲ್ವೋ?" ಎಂದರು.

"ಹೊತ್ತು ಮುಳುಗಿದ ಮೇಲೆ ಬಡಿದೆ, ಸ್ವಾಮಿ. ಊರೇ ಕೇಳಿದೆ."

"ಮುಳುಗೋ ಮುಂಚೆ?"

"ಸಬ್ಬತ್ತು, ಸ್ವಾಮಿ. ಬಡಿದಿದ್ರೆ ಡೀಕನ್ನರು ಆವತ್ತೇ ನನ್ನ ಹೆಸರು ಬರ್ಕೊಳ್ತಿದ್ರು. ಬಡಿಯಲಿಲ್ಲಾಂತ ಈವತ್ತು ಬರ್ಕೊಂಡಿದ್ದಾರೆ. ಹೆಂಗಸು ಯಾವ ದಿನ ನಿರಪರಾಧಿ ಅಂತ ನೀವೇ ಹೇಳಿ."

ಈ ಸಲ ಲೂಮಿಸರೂ ಗದ್ದ ಉಜ್ಜಿಕೊಂಡರು.

ಆಮೇಲೆ ಆ ಪ್ರಶ್ನೆ ಕೇಳಿದೆ, ಫೀನಾ. ಕೇಳುವ ಮುಂಚೆ ನಿನ್ನನ್ನು ನೆನೆದೆ. ನೆನೆದ ಮೇಲೂ ಕೇಳಿದೆ.

"ಡೀಕನ್ನರೇ, ಹಿಂಡನ್ನ ಬುಟ್ಟಿಗೆ ಇಳಿಸಿದ್ದು ಯಾವಾಗ? ಹೊತ್ತು ಮುಳುಗಿದ ಮೇಲೆ ಅಂದ್ರೆ ಆಗ ನನ್ನ ಬಾಂಡಲೆ ಸದ್ದು ನಿಮ್ಮ ಕಿವೀಲೇ ಇತ್ತು. ಮುಂಚೆ ಅಂದ್ರೆ ಅದು ಯಾವ ದಿನ ಅಂತ ನೀವೇ ಹೇಳ್ಬೇಕು."

ಅವರು ಕೋಟಿನ ತೋಳನ್ನು ಎಳೆದುಕೊಂಡರು. ಲೂಮಿಸರು ನನ್ನ ಕಡೆ ತಿರುಗಿ, "ಅವರು ಇಳಿಸಿದ್ದನ್ನ ನಿನ್ನ ಬಿಟ್ಟು ಬೇರೆ ಯಾರಾದ್ರೂ ಕಂಡಿದ್ದಾರಾ? ಇದ್ರೆ ಕರಿ, ಪ್ರಮಾಣ ಮಾಡಿಸ್ತೀನಿ," ಎಂದರು.

"ಬೇರೆಯವರನ್ನ ಕರೆಯೋದಿಲ್ಲ, ಸ್ವಾಮಿ," ಎಂದೆ.

ನನ್ನ ಮಾತು ಮುಗಿಯುವ ಮುಂಚೆಯೇ ಡೀಕನ್ನರು ಎದ್ದುನಿಂತರು. "ಯಾರನ್ನೂ ಕರೆಯೋದು ಬೇಡ. ಮುಳುಗೋ ಮುಂಚೆ ಇಳಿಸ್ದೆ. ಮಧ್ಯಾಹ್ನದ ಪ್ರಾರ್ಥನೆಯ ಗಂಟೆ ಹೊಡೆಯೋ ಮುಂಚೆ. ಈಕೆ ಗೋಡೆ ಮೇಲೆ ಕೂತಿದ್ದನ್ನೂ ಕಂಡೆ. ಜೇನು ಈಕೇದು ಅಂತ ಗೊತ್ತಿತ್ತು," ಎಂದರು.

ಯಾರೂ ನಗಲಿಲ್ಲ.

ಕಳ್ಳತನವಲ್ಲ, ಹಿಂಡು ನನ್ನದು ಎಂದು ತೀರ್ಪಾಯಿತು. ಸಬ್ಬತ್ ದಿನ ಕೆಲಸ ಮಾಡಿದ್ದಕ್ಕೆ ಡೀಕನ್ನರಿಗೆ ದಂಡ. ಗೋಡೆಯ ಮೇಲೆ ಕೂರುವುದು ಕೆಲಸವಲ್ಲದಿದ್ದರೂ ಮಧ್ಯಾಹ್ನದ ಪ್ರಾರ್ಥನೆ ತಪ್ಪಿಸಿದ್ದಕ್ಕೆ ನನಗೂ ದಂಡ. ಇಬ್ಬರೂ ಒಂದೇ ಗುಮಾಸ್ತನ ಮುಂದೆ ಒಬ್ಬರ ಹಿಂದೆ ಒಬ್ಬರು ನಿಂತು ಕಟ್ಟಿದೆವು. "ನೀವು ಮೊದಲು," ಎಂದರು ಡೀಕನ್ನರು. ಅಭ್ಯಾಸಬಲದ ಮರ್ಯಾದೆ ಇರಬೇಕು.

ಸಂಜೆ ಕೆಜಾಯಾ ಬಂದು, ಅವಳ ಗಂಡನಿಗೆ ಎರಡು ಅಂಗಿ ಬೇಕಾಗಿವೆ, ಯಾವಾಗ ಬರುತ್ತೀ ಎಂದು ಕೇಳಿದಳು. ಚಮಚ ಉಜ್ಜಿ ಆಯಿತೇ ಎಂದು ನಾನು ಕೇಳಲಿಲ್ಲ. ಬಹಳ ಕಷ್ಟಪಟ್ಟು ಕೇಳಲಿಲ್ಲ.

ನಿನ್ನ ತಾಯಿ,
ಹುಲ್ಡಾ ಬಾರ್ಲೋ


ವೆದರ್ಸ್‌ಫೀಲ್ಡ್
ಆಗಸ್ಟ್ 19, 1797

ಅಮ್ಮನಿಗೆ,

ಇಷ್ಟು ದಿನ ಸಿಟ್ಟಿನಿಂದ ಬರೆಯಲಿಲ್ಲ. ಬೇಡವೆಂದು ಬೇಡಿಕೊಂಡದ್ದನ್ನೇ ನೀನು ಮಾಡಿದೆ. ಆದರೂ ನಿನ್ನನ್ನು ಕಳ್ಳಿ ಎಂದು ಯಾರೂ ಕರೆಯಲಾರರು ಎಂದು ತಿಳಿದ ರಾತ್ರಿ ಬಹಳ ದಿನಗಳ ಮೇಲೆ ನಿದ್ದೆ ಬಂತು. ಎರಡೂ ನಿಜ.

ಇಥಿಯೆಲನ ಕಾಗದ ಬಂದಿದೆ. ಡೀಕನ್ನರು ಚರ್ಚಿನ ಸಭೆಯ ಮುಂದೆ ತಪ್ಪೊಪ್ಪಿಕೊಂಡು, ಈಗ ವೇದಪೀಠದ ಕೆಳಗೆ ಕೂರದೆ ಬಾಗಿಲ ಬಳಿಯ ಬೆಂಚಿನಲ್ಲಿ ಕೂರುತ್ತಾರಂತೆ. ಯಾರೂ ಏಳಿಸಲಿಲ್ಲವಂತೆ, ತಾವೇ ಹೋಗಿ ಕುಳಿತರಂತೆ. ಇಥಿಯೆಲ್ ಆ ದಿನ ಮುಂಚಿತವಾಗಿಯೇ ಪ್ರಾರ್ಥನೆಗೆ ಹೋಗಿದ್ದನಂತೆ. ತಂದೆ ಜೇನು ಹಿಡಿದದ್ದು ಕೋರ್ಟಿನಲ್ಲಿ ಕೇಳುವವರೆಗೆ ಅವನಿಗೆ ಗೊತ್ತೇ ಇರಲಿಲ್ಲವಂತೆ. ಗೊತ್ತಿದ್ದರೆ ನಿನ್ನ ಪರವಾಗಿ ನಿಲ್ಲುತ್ತಿದ್ದೆ ಎಂದು ಬರೆದಿದ್ದಾನೆ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಇಷ್ಟೆಲ್ಲದರಲ್ಲಿ ಅವನೊಬ್ಬನ ಕೈ ಶುದ್ಧವಾಗಿದೆ ಎಂದು ನನಗೆ ಸಮಾಧಾನ.

ಮದುವೆ ಅಕ್ಟೋಬರಿಗೇ ಆಗುತ್ತದೆ. ಸೆಪ್ಟೆಂಬರ್ ಕೊನೆಗೆ ಶಾಲೆ ಮುಗಿಸಿ ಬರುತ್ತೇನೆ. ನಿನ್ನ ಆಶೀರ್ವಾದವನ್ನು ಕಾಗದದಲ್ಲೇ ಕಳಿಸು, ಅಲ್ಲಿಯವರೆಗೆ ಕಾಯಲಾರೆ.

ಟ್ರೈಫೀನಾ


ನಾರ್ತ್ ಹಾಲೋ
ಸೆಪ್ಟೆಂಬರ್ 18, 1797

ಮಗಳೇ ಫೀನಾ,

ನೀನು ಕೇಳಿದ ಆಶೀರ್ವಾದವನ್ನು ಒಂದು ಸಾಲಿನಲ್ಲಿ ಬರೆದು ಕಳಿಸಿಬಿಡುವವಳಿದ್ದೆ. ಮೂರು ವಾರ ಆ ಸಾಲನ್ನು ಮನಸ್ಸಿನಲ್ಲಿ ಹೊಲಿದೆ, ಬಿಚ್ಚಿದೆ. ಈಗ ನಿಜವನ್ನೇ ಬರೆಯುತ್ತೇನೆ.

ಆ ಭಾನುವಾರ ಡೀಕನ್ನರು ಒಬ್ಬರೇ ಇರಲಿಲ್ಲ. ಅವರು ಕೊಂಬೆ ಅಲುಗಿಸಿದರು. ಕೆಳಗೆ ಬಿಳಿಯ ಬಟ್ಟೆ ಹರವಿ ಹಿಡಿದು ನಿಂತಿದ್ದವನು ಇಥಿಯೆಲ್. "ಡೀಕನ್ನರೇ, ಅದು ನನ್ನ ಜೇನು," ಎಂದು ನಾನು ಗೋಡೆಯಿಂದ ಹೇಳಿದ್ದನ್ನು ಅವನು ಕೇಳಿದ. "ಬಾಂಡಲೆ ಸದ್ದು ಕೇಳಿಸಲಿಲ್ವಲ್ಲ, ಬಾರ್ಲೋ ವಿಧವೆ," ಎಂದು ಅವನಪ್ಪ ಹೇಳಿದ್ದನ್ನೂ ಕೇಳಿದ. ನನ್ನ ಕಡೆ ಒಮ್ಮೆ ನೋಡಿ ಬಟ್ಟೆಯ ಅಂಚು ಸರಿಮಾಡಿಕೊಂಡ.

ಇದನ್ನು ಜೂನ್ ತಿಂಗಳಲ್ಲೇ ನಿನಗೆ ಬರೆಯಬಹುದಿತ್ತು. ಅವನೇ ಹೇಳಲಿ ಎಂದು ಬಿಟ್ಟೆ. ಕೋರ್ಟಿನಲ್ಲಿ ಬೇರೆ ಯಾರಾದರೂ ಕಂಡಿದ್ದಾರಾ ಎಂದು ಲೂಮಿಸರು ಕೇಳಿದಾಗ ಅವನು ಬಾಗಿಲ ಬಳಿಯಲ್ಲೇ ನಿಂತಿದ್ದ. ಕರೆಯೋದಿಲ್ಲ ಎಂದದ್ದು ನಿನಗಾಗಿ. ಆಗ ಡೀಕನ್ನರು ತಡಬಡಿಸಿ ಎದ್ದದ್ದು ನನ್ನ ಜಾಣ ಪ್ರಶ್ನೆಗೆ ಸೋತು ಎಂದುಕೊಂಡು ನಾನು ಒಂದು ವಾರ ಬೀಗಿದೆ. ಅಲ್ಲ. ಮಗನನ್ನು ಪ್ರಮಾಣಕ್ಕೆ ನಿಲ್ಲಿಸಿಯಾರೆಂದು ಎದ್ದದ್ದು. ಅವನು ಸುಳ್ಳು ಹೇಳಿದರೆ ದೇವರೆದುರು ಕೆಡುತ್ತಾನೆ, ನಿಜ ಹೇಳಿದರೆ ತಂದೆಯ ವಿರುದ್ಧ ಸಾಕ್ಷಿಯಾಗುತ್ತಾನೆ. ಅದಕ್ಕೆ ತಾವೇ ತಲೆ ಕೊಟ್ಟರು. ಆ ಮನುಷ್ಯನ ಮೇಲೆ ನನಗೆ ಈಗ ಸಿಟ್ಟಿಲ್ಲ. ಬಾಗಿಲ ಬಳಿಯ ಬೆಂಚಿನಲ್ಲಿ ಅವರನ್ನು ಕಂಡಾಗ ತಲೆಬಾಗುತ್ತೇನೆ. ಅವರೂ ಬಾಗುತ್ತಾರೆ, ಸ್ವಲ್ಪ ಬಿಗಿಯಾಗಿ.

ಬಟ್ಟೆ ಹಿಡಿದದ್ದಕ್ಕೆ ಇಥಿಯೆಲನನ್ನು ನಿನ್ನೆದುರು ನಿಲ್ಲಿಸುತ್ತಿರಲಿಲ್ಲ. ಆದರೆ ಹಿಡಿಯಲಿಲ್ಲ ಎಂದು ನಿನಗೆ ಬರೆದನಲ್ಲ, ಅದನ್ನು ನಾನು ನುಂಗಿದರೆ ಆ ಸುಳ್ಳಿನಲ್ಲಿ ನನ್ನದೂ ಅರ್ಧ ಪಾಲಾಗುತ್ತದೆ. ಇದು ಸೇಡೇ ಎಂದು ನನ್ನನ್ನೇ ಕೇಳಿಕೊಂಡೆ. ಸೇಡಾಗಿದ್ದರೆ ಬರೆಯುವಾಗ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಮೊದಲು ಅವನ ಬಳಿಗೇ ಹೋದೆ. ಇವತ್ತು ಬೆಳಿಗ್ಗೆ, ಅವರ ತೋಟದಲ್ಲಿ ಸೇಬು ಆರಿಸುತ್ತಿದ್ದ. ನನ್ನನ್ನು ಕಂಡು ಬುಟ್ಟಿ ಕೆಳಗಿಟ್ಟ.

"ಅತ್ತೆ, ಫೀನಾಗೆ ಬರೆದ್ರಾ?"

"ಇನ್ನೂ ಇಲ್ಲ. ನೀನು ಬರೆದದ್ದು ಗೊತ್ತಾಯ್ತು."

ಅವನು ಒಂದು ಸೇಬನ್ನು ಅಂಗಿಗೆ ಉಜ್ಜಿದ, ತಿನ್ನಲಿಲ್ಲ. "ಅಪ್ಪ ಹಿಡಿ ಅಂದ್ರು, ಹಿಡ್ದೆ."

"ಅಪ್ಪ ಹಿಡಿ ಅಂದ್ರು, ಸರಿ. ಅವಳಿಗೆ ಹಂಗೆ ಬರಿ ಅಂತ ಯಾರಂದ್ರಪ್ಪಾ?"

"ನಿಜ ಹೇಳಿದ್ರೆ ಅವಳು ನನ್ನ ಬಿಟ್ಬಿಡ್ತಾಳೆ, ಅತ್ತೆ."

"ಬಿಡಬಹುದು. ಬಿಡದೆ ಇರಲೂಬಹುದು. ಅದು ಅವಳ ಲೆಕ್ಕ. ನಿಮ್ಮಪ್ಪನ್ನ ನೋಡು, ಊರೆದುರು ನಿಂತು ಹೇಳಿದ್ರು. ಆಕಾಶ ಕಳಚಿ ಬಿತ್ತಾ?"

"ನೀವೇ ಬರೀತೀರಲ್ಲ, ಇನ್ನು ನಾನೇಕೆ?"

"ನಾನು ಬರೆದ್ರೆ ಅದು ದೂರು. ನೀನು ಬರೆದ್ರೆ ತಪ್ಪೊಪ್ಪಿಗೆ. ಎರಡಕ್ಕೂ ಎಷ್ಟು ವ್ಯತ್ಯಾಸ ಅಂತ ಈ ಬೇಸಿಗೇಲಿ ಊರಿಗೇ ಗೊತ್ತಾಗಿದೆ."

ಅವನು ಕೈಯಲ್ಲಿದ್ದ ಸೇಬನ್ನು ಬುಟ್ಟಿಗೆ ಹಾಕಿದ. ಆಮೇಲೆ, ಮನೆಯಲ್ಲಿ ಕಾಗದ ಕೇಳಿದರೆ ಅಪ್ಪ ಏಕೆನ್ನುತ್ತಾರೆ, ನಿಮ್ಮಲ್ಲಿ ಒಂದು ಹಾಳೆ ಇದೆಯೇ ಎಂದ. ಕೊಟ್ಟೆ. ಮಡಚಿ ಅಂಗಿಯೊಳಗೆ ಇಟ್ಟುಕೊಂಡ. ಬರೆಯುತ್ತಾನೋ ಇಲ್ಲವೋ ಹೇಳಲಾರೆ. ನನಗೆ ಕಂಡ ಮುಖ ಬರೆಯುವವನದೇ. ಆದರೆ ನಾನು ಮುಖ ಓದುವುದರಲ್ಲಿ ಎಡವಿದ್ದೇನೆ, ಅವನಪ್ಪನದನ್ನೂ ಸೇರಿಸಿ.

ನೀನು ಏನು ಮಾಡಬೇಕೆಂದು ಹೇಳುವುದಿಲ್ಲ. ನೀನು ಬೇಡವೆಂದದ್ದನ್ನು ನಾನು ಮಾಡಿದವಳು, ನಿನಗೆ ಮಾಡು ಎನ್ನುವ ಹಕ್ಕನ್ನು ಆ ದಿನವೇ ಬಿಟ್ಟುಕೊಟ್ಟೆ. ಅವನನ್ನು ಒಪ್ಪಿದರೆ ಮದುವೆಯ ಗೌನು ನಾನೇ ಹೊಲಿಯುತ್ತೇನೆ, ಮುಖ ಗಂಟಿಕ್ಕದೆ. ಒಪ್ಪದಿದ್ದರೆ ನಿನ್ನ ಕೋಣೆ ಇದ್ದಂತೆಯೇ ಇದೆ. ಆಶೀರ್ವಾದ ನಿನಗೆ, ಮದುವೆಗಲ್ಲ. ಅದು ನೀನು ಯಾವ ದಾರಿ ಹಿಡಿದರೂ ನಿನ್ನ ಜೊತೆ ಬರುತ್ತದೆ.

ನಿನ್ನ ತಾಯಿ,
ಹುಲ್ಡಾ ಬಾರ್ಲೋ

ಮತ್ತೆ: ಈ ಕಾಗದವನ್ನು ಇಂದೇ ಕಳಿಸಲು ಜನ ಇದ್ದರು, ಇಥಿಯೆಲನ ಕಾಗದಕ್ಕೆ ಕಾಯೋಣವೆಂದು ಕಳಿಸಲಿಲ್ಲ. ಎರಡೂ ಒಂದೇ ಚೀಲದಲ್ಲಿ ಬಂದರೆ ಅವನದನ್ನೇ ಮೊದಲು ಒಡೆ ಎಂದು ಇದರ ಹೊರಮಡಿಕೆಯ ಮೇಲೂ ಬರೆಯುತ್ತೇನೆ. ಯಾವತ್ತಿನವರೆಗೆ ಕಾಯುತ್ತೀರಿ ಎಂದು ಇಥಿಯೆಲ್ ಕೇಳಿದ. ಅವನಿಗೆ ಹೇಳಿದ್ದನ್ನೇ ನಿನಗೂ ಬರೆಯುತ್ತಿದ್ದೇನೆ. ಅವನದು ಬಂದರೂ ಬರದಿದ್ದರೂ ನಾನು ಇದನ್ನು ಅಂಚೆ ಸವಾರನ ಕೈಗೆ ಕೊಡುವುದು ಈ ಗುರುವಾರ, ಸೆಪ್ಟೆಂಬರ್ 21.